ಒಂದು ಚಕ್ರಕ್ಕೆ ಮೂರು ಬೇರಿಂಗ್

ನಮ್ಮ ಮನೆಯಲ್ಲಿರೋದು 2005ರ ಮಾರುತಿ 800, ಅಪ್ಪಾಜಿ ಕೊಂಡಿದ್ದು. ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಾಗ ಆನಗೋಡು ದಾಟುತ್ತಿದ್ದಂತೆ ಹಿಂದುಗಡೆ ಗುಂಯ್ ಅಂತ ಸದ್ದು ಶುರುವಾಯಿತು. 40ರ ವೇಗದಲ್ಲಿ ಸಣ್ಣಗೆ, 70ಕ್ಕೆ ಹೋದರೆ ಪಕ್ಕದವರ ಮಾತೂ ಕೇಳಿಸದಷ್ಟು. ನ್ಯೂಟ್ರಲ್ ಮಾಡಿದರೂ ನಿಲ್ಲಲಿಲ್ಲ. ಅಂದರೆ ಇಂಜಿನ್ನಿನದಲ್ಲ. ಟೈರ್ ಇರಬಹುದು ಅಂತ ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿದೆ. ಸದ್ದು ಹಿಂದೆಯೇ ಉಳಿಯಿತು.

ಆಮೇಲೆ ಹಿಂದಿನ ಚಕ್ರ ಒಂದೊಂದಾಗಿ ಜಾಕಿ ಹಾಕಿ ಎತ್ತಿ, ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲಿಟ್ಟೆ. ಬಲಗಡೆ ಏನೂ ಇಲ್ಲ. ಎಡಗಡೆ ಮಂಡಕ್ಕಿ ಭಟ್ಟಿಯ ಬಿಸಿ ಮರಳು ಉರುಳಿದ ಹಾಗೆ ಜರಜರ ಅಂತ ಕೈಗೆ ಬಡಿಯಿತು. ಕಳ್ಳ ಸಿಕ್ಕಿಬಿದ್ದ: ಆ ಚಕ್ರದ ಬೇರಿಂಗ್, ಅಂದರೆ ಒಳಬಳೆ, ಹೊರಬಳೆಗಳ ನಡುವೆ ಉಕ್ಕಿನ ಗುಂಡುಗಳು ಉರುಳುವ ಭಾಗ.

ಭಾನುವಾರ ನಿಟುವಳ್ಳಿಯ ಮನೆ ಮುಂದೆಯೇ ಬಿಚ್ಚಿದೆ. ನಡುವಿನ ದೊಡ್ಡ ನಟ್ಟು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಬೇಕು. ಎತ್ತಿದ ಮೇಲೆ ಅಷ್ಟು ಜೋರಾಗಿ ಎಳೆದರೆ ಗಾಡಿ ಜಾಕಿಯಿಂದ ಜಾರುತ್ತೆ. ಮುಚ್ಚಳ ತೆಗೆದು, ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆದು, ಬಾಕ್ಸ್ ಸ್ಪ್ಯಾನರ್‌ಗೆ ಒಂದು ಪೈಪ್ ತೂರಿಸಿ ಮೇಲೆ ನಿಂತೆ. ಟಕ್ ಅಂತು. ಆಮೇಲೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಜಾಕಿಯ ಜೊತೆಗೆ ಸ್ಟ್ಯಾಂಡೂ ಇಟ್ಟೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಡ್ರಮ್, ಅಂದರೆ ಬ್ರೇಕ್ ಶೂಗಳನ್ನು ಮುಚ್ಚಿಕೊಂಡು ಚಕ್ರದ ಜೊತೆ ತಿರುಗುವ ಬಟ್ಟಲು, ಹೊರಗೆ ಬರೋದೇ ಇಲ್ಲ. ಒಳಗಿನ ಕಪ್ಪು ಪುಡಿಯನ್ನು ಊದಬೇಡಿ, ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ.

ಈ ಗಾಡಿಯಲ್ಲಿ ಡ್ರಮ್ಮಿನೊಳಗೇ ಎರಡು ಬೇರಿಂಗ್, ನಡುವೆ ಒಂದು ಉಕ್ಕಿನ ಕೊಳವೆ. ಅದೇ ಸ್ಪೇಸರ್. ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಸಂದಿನಲ್ಲಿ ಕಬ್ಬಿಣದ ಸರಳು ಇಟ್ಟು, ಸುತ್ತಲೂ ಒಂದೊಂದು ಏಟು ಕೊಡುತ್ತಾ ಹಳೆಯವನ್ನು ಕೆಡವಿದೆ. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಕಚ್ಚಿಕೊಳ್ಳುತ್ತೆ. ಸೀಲ್ ಇರುವ ಮುಖ ಯಾವ ಕಡೆ ಇತ್ತು ಅಂತ ಫೋಟೋ ಹೊಡೆದಿಟ್ಟುಕೊಂಡೆ.

ಹೊಸ ಬೇರಿಂಗ್‌ಗಳು ಹಿಂದಿನ ರಾತ್ರಿಯಿಂದಲೇ ಪ್ಲಾಸ್ಟಿಕ್ ಕವರಿನಲ್ಲಿ ಫ್ರೀಜರ್‌ನಲ್ಲಿದ್ದವು. ಖಾಲಿ ಡ್ರಮ್ಮನ್ನು ತಾರಸಿಯ ಬಿಸಿಲಿಗೆ ಇಟ್ಟೆ. ನಮ್ಮೂರಿನ ಏಪ್ರಿಲ್ ಬಿಸಿಲು ಒಂದು ಕೆಲಸಕ್ಕಾದರೂ ಬಂತು! ತಣ್ಣಗಿದ್ದದ್ದು ಕೂದಲೆಳೆಯಷ್ಟು ಕುಗ್ಗುತ್ತೆ, ಬಿಸಿಯಾದದ್ದು ಹಿಗ್ಗುತ್ತೆ. ಅಷ್ಟೇ ಸಾಕು. ಹಳೆ ಬೇರಿಂಗನ್ನೇ ಮೇಲಿಟ್ಟು, ಅದರ ಹೊರಬಳೆಯ ಮೇಲೆ ಏಟು ಬೀಳುವ ಹಾಗೆ ಹೊಡೆದೆ. ಮೊದಲು 'ಟಪ್ ಟಪ್' ಅನ್ನುತ್ತಿದ್ದ ಸದ್ದು ತಳ ಮುಟ್ಟಿದ ಕೂಡಲೇ 'ಠಣ್' ಅಂತ ಬದಲಾಯಿತು. ಗ್ರೀಸ್ ತುಂಬಿದೆ. ಡ್ರಮ್ ತಿರುಗಿಸಿ ಎರಡನೆಯದನ್ನೂ ಕೂರಿಸಿದೆ. ಎಷ್ಟು ಸಲೀಸು ಅಲ್ವಾ ಅಂತ ಬೀಗುತ್ತಾ ಕೈ ಒರೆಸಿಕೊಳ್ಳಲು ಹಳೇ ಪೇಪರ್ ಎತ್ತಿದರೆ, ಅದರ ಕೆಳಗೆ ಸ್ಪೇಸರ್ ಮಲಗಿದೆ.

ಹಾಗೇ ಬಿಡೋಣ ಅನ್ನೋ ಹಂಗಿಲ್ಲ. ಸ್ಪೇಸರ್ ಇಲ್ಲದೆ ನಟ್ಟು ಬಿಗಿದರೆ ಎರಡೂ ಒಳಬಳೆಗಳು ಒಂದರ ಕಡೆಗೊಂದು ಸರಿದು, ಗುಂಡುಗಳ ಮೇಲೆ ಅಡ್ಡಕ್ಕೆ ಭಾರ ಬೀಳುತ್ತೆ. ಮತ್ತೆ ಒಂದನ್ನು ಒಳಬಳೆಗೆ ಹೊಡೆದೇ ಕೆಡವಿದೆ. ನೋಡಲು ಹೊಸದರ ಹಾಗೇ ಇತ್ತು. ಒರೆಸಿ ಬೆರಳಿನಲ್ಲಿ ತಿರುಗಿಸಿದೆ. ಒಂದು ಜಾಗದಲ್ಲಿ ಸಣ್ಣಗೆ ಕಟಕ್ ಅಂದಂತೆ ಆಯಿತು. ನನ್ನ ಭ್ರಮೆಯಾ ಅಂತ ನಮ್ಮ ಬೀದಿಯ ಕೊನೆಯ ಲೇತ್ ಅಂಗಡಿಯ ಯಜಮಾನರ ಮನೆಗೆ ಒಯ್ದೆ. ಅವರು ಕಿವಿ ಹತ್ತಿರ ಹಿಡಿದು ಒಂದೇ ಸುತ್ತು ತಿರುಗಿಸಿದರು. "ತಮ್ಮಾ, ಒಳಬಳಿಗೆ ಹೊಡದೀಯಲ್ಲ. ಆ ಏಟು ಗುಂಡಿನ ಮೂಲಕಾನೇ ಹೋಗಬೇಕು. ದಾರಿಯೊಳಗ ಕುಳಿ ಬಿದ್ದಾವ. ಇದು ಮತ್ತ ಹಾಡ್ತತಿ" ಅಂದರು. ತೆಗೆಯುವಾಗ ಎಲ್ಲಿ ಹೊಡೆದರೂ ನಡೆಯುತ್ತೆ, ಹೇಗೂ ಎಸೆಯೋದು. ಕೂರಿಸುವಾಗ ಹೊರಬಳೆ ಮಾತ್ರ. ಇದನ್ನು ನಾನು ಓದಿದ್ದೆ, ಆದರೆ ಕಾರಣ ಗೊತ್ತಿರಲಿಲ್ಲ.

ಸೋಮವಾರ ಬೇರಿಂಗ್ ಮೇಲೆ ಕೆತ್ತಿದ ನಂಬರ್ ತೋರಿಸಿ ಇನ್ನೊಂದು ತಂದೆ. ಗಾಡಿ ಹೆಸರಿಗಿಂತ ಆ ನಂಬರ್ ಹೇಳೋದು ಒಳ್ಳೆಯದು. ಈ ಸಲ ಸ್ಪೇಸರನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಹೊಸ ಆಯಿಲ್ ಸೀಲ್, ಹೊಸ ಸ್ಪ್ಲಿಟ್ ಪಿನ್. ಬ್ರೇಕ್ ಶೂಗೆ ಗ್ರೀಸ್ ತಾಗದಂತೆ ಡ್ರಮ್ಮಿನ ಒಳಮೈ ಎರಡು ಸಲ ಒರೆಸಿದೆ. ನಟ್ಟನ್ನು ಅಂದಾಜಿನಲ್ಲಿ ಬಿಗಿಯದೆ, ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚನ್ನು ಯಜಮಾನರಿಂದಲೇ ತಂದು ಮ್ಯಾನುಯಲ್‌ನಲ್ಲಿದ್ದ ಲೆಕ್ಕಕ್ಕೆ ಬಿಗಿದೆ.

ಸಂಜೆ ಹರಿಹರಕ್ಕೆ ಹೋಗಿ ಬಂದು ಎರಡೂ ಹಿಂದಿನ ಚಕ್ರಗಳ ನಡುಭಾಗಕ್ಕೆ ಕೈ ಇಟ್ಟು ನೋಡಿದೆ. ಬೇರಿಂಗ್ ಸರಿಯಿಲ್ಲದಿದ್ದರೆ ಆ ಕಡೆ ಹೆಚ್ಚು ಬಿಸಿಯಾಗುತ್ತೆ. ಎಡಗಡೆಯದು ಬಲಗಡೆಯಷ್ಟೇ ಬೆಚ್ಚಗಿತ್ತು. ಕುಳಿ ಬಿದ್ದ ಬೇರಿಂಗನ್ನು ಅಮ್ಮ ಹಸಿಮೆಣಸಿನಕಾಯಿ ಹಿಂಡಿ ಕುಟ್ಟುವಾಗ ಒರಳುಕಲ್ಲು ಅಲ್ಲಾಡದ ಹಾಗೆ ಕೆಳಗೆ ಕೊಟ್ಟುಕೊಂಡಿದ್ದಾಳೆ.