ಸಿಜಿನ್ಯಾಟ್ ದಾಟಿದ ನನ್ನ ಮೈನ್‌ಕ್ರಾಫ್ಟ್ ಸರ್ವರ್

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಮನೆ. ಒಂದು ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಅದರಲ್ಲೇ ಮೈನ್‌ಕ್ರಾಫ್ಟ್ ಆಟದ ಸರ್ವರ್, ಅಂದರೆ ಬೇರೆ ಬೇರೆ ಊರಿನ ಗೆಳೆಯರು ಬಂದು ಸೇರುವ ಯಂತ್ರ. ಈ ದಸರಾ ರಜೆಯಲ್ಲಿ 14 ಜನ ಒಟ್ಟಿಗೆ ಆಡಿದರು, ಒಬ್ಬರದ್ದೂ ಕಟ್ ಆಗಲಿಲ್ಲ. 'ಮನೆ ಲೈನ್‌ನಲ್ಲಿ ಇದು ಆಗಲ್ಲ ಅಣ್ಣ' ಅಂದಿದ್ದ ಲೈನ್ ಹುಡುಗ. 'ಸುಮ್ನೆ ಹೋಸ್ಟಿಂಗ್ ತಗೊಳ್ಳಿ ಮಾಮ' ಅಂತ ಅಕ್ಕನ ಮಗನೂ ಗೋಗರೆದಿದ್ದ. ಆಯ್ತು ನೋಡಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಎರಡು ಭಾನುವಾರ ಪೂರ್ತಿ ಹಾಳು. ರೂಟರ್‌ನಲ್ಲಿ ಮೈನ್‌ಕ್ರಾಫ್ಟ್‌ನ ಪೋರ್ಟ್ (ಹೊರಗಿನವರು ಬರುವ ಬಾಗಿಲು) 25565 ಲ್ಯಾಪ್‌ಟಾಪ್‌ಗೆ ಫಾರ್ವರ್ಡ್ ಮಾಡಿದೆ, ಫೈರ್‌ವಾಲ್ ತೆಗೆದೆ, ಎಲ್ಲ ಪೋರ್ಟೂ ತೆರೆದಿಡುವ ಡಿಎಂಜೆಡ್‌ನಲ್ಲೂ ಇಟ್ಟೆ. ಗುಬ್ಬಿಯ ಗೆಳೆಯನಿಂದಲೂ ಮಧುಗಿರಿಯವನಿಂದಲೂ ಒಂದೇ ಉತ್ತರ, ಟೈಮ್ಡ್ ಔಟ್. ರೂಟರ್ ಮೇಲೆ ಅನುಮಾನ ಬಂದು ಸುಮಾರು 2,300 ರೂಪಾಯಿಗೆ ಹೊಸದು ತಂದೆ. ಆ ದುಡ್ಡು ದಂಡ. ಹೊಸ ರೂಟರ್‌ನ ಪುಟ ತೆರೆದಾಗ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ಕಣ್ಣಿಗೆ ಬಿತ್ತು: 100.81ರಿಂದ ಶುರು. 100.64ರಿಂದ 100.127ರವರೆಗೆ ಸಿಜಿನ್ಯಾಟ್‌ಗೇ, ಅಂದರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗೆ ಹಂಚುವ ವ್ಯವಸ್ಥೆಗೇ ಮೀಸಲು, ಅಲ್ವಾ? ನಾನು ಎಷ್ಟು ಪೋರ್ಟ್ ತೆರೆದರೇನು, ಬೀದಿ ಬಾಗಿಲ ಕೀಲಿ ಕಂಪನಿಯವರ ಕೈಯಲ್ಲಿದೆ.

ನನಗೊಬ್ಬನಿಗೇ ಇರುವ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿದೆ. ದೊಡ್ಡ ಪ್ಲಾನ್‌ಗೆ ಹೋಗಿ, ಮೇಲೆ ವರ್ಷಕ್ಕೆ ಎರಡೂವರೆ ಸಾವಿರದ ಆಸುಪಾಸು ಕೊಡಿ ಅಂದರು. ಬಿಟ್ಟೆ. ನಡುವೆ ಐಪಿವಿ6 (ಹಂಚಿಕೊಳ್ಳದೆ ಎಲ್ಲರಿಗೂ ಸಾಲುವ ಹೊಸ ಬಗೆಯ ವಿಳಾಸ) ಕೂಡ ನೋಡಿದೆ. ಮೊಬೈಲ್ ಡೇಟಾದವರು ಚೆನ್ನಾಗಿ ಬಂದರು. ಗುಬ್ಬಿಯವನ ಲೈನ್‌ಗೆ ಐಪಿವಿ6 ಇರಲೇ ಇಲ್ಲ. ಅವನಿಲ್ಲದೆ ನಮ್ಮ ಕೋಟೆ ಕಟ್ಟುವವರು ಯಾರು?

ಕೊನೆಗೆ ತಿಂಗಳಿಗೆ 400ರ ಸುಮಾರಿನ ಸಣ್ಣ ವಿಪಿಎಸ್ (ಹೊರಗಿನಿಂದ ತಲುಪಬಹುದಾದ ಬಾಡಿಗೆ ಸರ್ವರ್) ತಗೊಂಡು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಟನಲ್, ಅಂದರೆ ಖಾಸಗಿ ಸುರಂಗ, ಎಳೆದೆ. ಆಟಗಾರರು ವಿಪಿಎಸ್‌ಗೆ ಬಂದು ಅದರ ಮೂಲಕ ಮನೆ ಸೇರುತ್ತಾರೆ. ಮೊದಲು ಮುಂಬೈನದ್ದು, ಪಿಂಗ್ (ಹೋಗಿ ಬರುವ ಸಮಯ) 40 ಮಿಲಿಸೆಕೆಂಡ್ ಹತ್ತಿರ. ಬೆಂಗಳೂರಿಗೆ ಬದಲಿಸಿದ ಮೇಲೆ 12, 13. ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ 25 (25 ಸೆಕೆಂಡಿಗೊಮ್ಮೆ ಟನಲ್ ಎಚ್ಚರ ಇಡುವ ಪ್ಯಾಕೆಟ್) ಹಾಕಲು ಮರೆಯಬೇಡಿ. ಅದು ಇಲ್ಲದಿದ್ದಾಗ ಯಾರೂ ಆಡದೆ ಸ್ವಲ್ಪ ಹೊತ್ತಾದರೆ ಟನಲ್ ಮಲಗಿಬಿಡುತ್ತಿತ್ತು.

ನಿಜವಾಗಿ ತಲೆ ತಿಂದದ್ದು ಇದರ ನಂತರದ್ದು. ಫೋನ್ ಆವೃತ್ತಿಯವರನ್ನೂ ಸೇರಿಸುವ ಗೀಸರ್ ಎಂಬ ಪ್ಲಗಿನ್ ಮೂಲಕ 19132 ಪೋರ್ಟ್‌ಗೆ ಬರುವ ಫೋನ್ ಮಕ್ಕಳು ಆರಾಮಾಗಿ ಆಡುತ್ತಿದ್ದರು. ಕಂಪ್ಯೂಟರ್‌ನ ಜಾವಾ ಆವೃತ್ತಿಯವರಿಗೆ ಸರ್ವರ್ ಪಟ್ಟಿಯಲ್ಲಿ ಹಸಿರು ಗೆರೆ ಪೂರ್ತಿ, ಒಳಗೆ ಹೋದರೆ ಲೋಡಿಂಗ್ ಟೆರೇನ್‌ನಲ್ಲೇ ನಿಂತುಬಿಡುತ್ತಿತ್ತು. ನಾಲ್ಕು ರಾತ್ರಿ ಪ್ಲಗಿನ್ ತೆಗೆದು ಹಾಕಿದೆ. ಐದನೇ ರಾತ್ರಿ ಹೊಳೆಯಿತು. ಸಣ್ಣ ಪ್ಯಾಕೆಟ್ ದಾಟುತ್ತಿದೆ, ಚಂಕ್ (ಆಟದ ನೆಲದ ತುಂಡು) ಹೊತ್ತ ದೊಡ್ಡದು ದಾರಿಯಲ್ಲೇ ಕಾಣೆಯಾಗುತ್ತಿದೆ. ತುಂಡು ಮಾಡಬೇಡ ಅಂತ ಹೇಳಿ ವಿಪಿಎಸ್‌ಗೆ ಪಿಂಗ್ ಕಳಿಸುತ್ತಾ ಬಂದೆ. 1472 ಬೈಟ್ ಹೋಗಲಿಲ್ಲ. 1464 ಹೋಗಲಿಲ್ಲ. 1412 ಹೋಯಿತು, 1413 ಇಲ್ಲ. ಪಿಂಗ್‌ನ ಹೆಡರ್‌ನ 28 ಸೇರಿಸಿದರೆ 1440. ಅದರಲ್ಲಿ ವೈರ್‌ಗಾರ್ಡ್ ಸುತ್ತುವ ಹೊದಿಕೆಯ 60 ಕಳೆದರೆ 1380. ಎರಡೂ ತುದಿಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1380 ಹಾಕಿ ಟನಲ್ ಮತ್ತೆ ಎಬ್ಬಿಸಿದೆ. ರಾತ್ರಿ ಒಂದೂವರೆಗೆ ಮಧುಗಿರಿಯವನ ಫೋನ್: 'ಅಣ್ಣಾ, ಮರ ಕಾಣ್ತಾ ಇದೆ!' ನಿಮ್ಮ ಲೈನ್‌ಗೆ 1380 ಬರಬೇಕಂತಿಲ್ಲ, ನೀವೇ ಅಳೆಯಿರಿ.

ಇನ್ನೊಂದು ಕಡೆ ಪೆಟ್ಟು ತಿಂದೆ. ವಿಪಿಎಸ್‌ನಲ್ಲಿ ಮಾಸ್ಕರೇಡ್ (ಬಂದವರ ವಿಳಾಸ ಮುಚ್ಚಿ ತನ್ನದೇ ತೋರಿಸುವ ನಿಯಮ) ಹಾಕಿದ್ದರಿಂದ ಲಾಗ್‌ನಲ್ಲಿ ಎಲ್ಲರ ವಿಳಾಸವೂ 10.8.0.1. ಜಗಳ ಮಾಡಿದ ಒಬ್ಬನನ್ನು ಐಪಿ ಬ್ಯಾನ್ ಮಾಡಿದೆ, ಅವನ ಜೊತೆ ಎಲ್ಲರಿಗೂ ಬಾಗಿಲು ಮುಚ್ಚಿತು. ಈಗ ಪ್ರತಿಯೊಬ್ಬರ ನಿಜವಾದ ಐಪಿ ಕಾಣುತ್ತದೆ. ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಾಸ್ಕರೇಡ್ ತೆಗೆದು ಶುರು ಮಾಡಿ, ಅಷ್ಟು ಸುಳಿವು ಸಾಕು.

ಕರೆಂಟ್ ಹೋದಾಗ ರೂಟರ್ ಬೀಳದಿರಲಿ ಅಂತ 1,100ರ ಚಿಕ್ಕ ಯುಪಿಎಸ್ ಇಟ್ಟಿದ್ದೇನೆ, ಎರಡು ಗಂಟೆ ತಡೆಯುತ್ತದೆ. ಲ್ಯಾಪ್‌ಟಾಪ್‌ಗೆ ಅದರ ಬ್ಯಾಟರಿಯೇ ಸಾಕು.

ಮೊನ್ನೆ ತಿಪಟೂರಿನ ಒಬ್ಬರು ತಮ್ಮ ಮನೆಯಲ್ಲೂ ಹೀಗೇ ಮಾಡಿಕೊಡಿ ಅಂದರು. ಹೊಸ ರೂಟರ್ ತರಬೇಡಿ, ಮೊದಲು ವ್ಯಾನ್ ಐಪಿ ಫೋಟೋ ಕಳಿಸಿ ಅಂದೆ. ಬಂತು, 100.72. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.