ನಾ ಬರೆದದ್ದು ಬೇರೆ, ಡಾಕರ್ ಓದಿದ್ದು ಬೇರೆ

‘ಆ ಡಾಕರ್ ಗೀಕರ್ ಬಿಡಲೇ, ಸುಮ್ನ ಜಾಂಪ್ ಹಾಕ್ಕೊ’ ಅಂತ ನನ್ನ ಪಾರ್ಟ್ನರ್ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದ. ಈಗ ಅನ್ನೋದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡಾಕರ್ ಅಂದರೆ ಸೈಟಿಗೆ ಬೇಕಾದ ಒಂದೊಂದು ಸಾಫ್ಟ್‌ವೇರನ್ನೂ ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಧನ. ಜಾಂಪ್ (XAMPP) ಅಂದರೆ ಅದನ್ನೆಲ್ಲ ಒಂದೇ ಗಂಟಿನಲ್ಲಿ ನೇರ ಕಂಪ್ಯೂಟರಿಗೆ ಹಾಕುವ ಪ್ಯಾಕೇಜು.

ಬಾಗಲಕೋಟೆ ನವನಗರದಲ್ಲಿ ನಮ್ಮದು ಒಂದೇ ರೂಮಿನ ಆಫೀಸು. ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರಿಗೆ ದೀಪಾವಳಿಯೊಳಗೆ ಆನ್‌ಲೈನ್ ಅಂಗಡಿ ಮಾಡಿಕೊಡುವ ಮಾತಾಗಿತ್ತು. ಕೋಡಿಗೆ ಪಿಎಚ್‌ಪಿ, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್, ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್, ಎಲ್ಲಾ ಕಂಟೇನರಿನಲ್ಲೇ. ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವ ಕಂಪೋಸ್ ಫೈಲನ್ನು ಹಳೇ ಪ್ರಾಜೆಕ್ಟಿನಿಂದ ಎತ್ತಿ, ಹೆಸರು ಬದಲಿಸಿ ಎಬ್ಬಿಸಿದೆ. ‘ಆಕ್ಸೆಸ್ ಡಿನೈಡ್’, ಡೇಟಾಬೇಸ್ ಸೈಟನ್ನು ಒಳಗೇ ಬಿಡಲಿಲ್ಲ.

ಪೋರ್ಟ್ ಬದಲಿಸಿದೆ. ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಅಳಿಸಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮತ್ತೆ ಇಳಿಸಿದೆ. ದಿನದ ಡೇಟಾ ಮಧ್ಯಾಹ್ನಕ್ಕೇ ಖಲಾಸ್. ರ‍್ಯಾಮ್ ಸಾಲದೇನೋ ಅಂತ ಸುಮಾರು 2,800 ರೂಪಾಯಿ ಸುರಿದೆ. ಕೊನೆಗೆ ಒಬ್ಬ ಫ್ರೀಲಾನ್ಸರ್‌ನನ್ನು ಹಿಡಿದರೆ, ಅವನು ನಾಲ್ಕು ಸಾವಿರದ ಹತ್ತಿರ ತಗೊಂಡು ‘ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ರಿ ಸರ’ ಅಂದ.

ಸುಳಿವು ಕಣ್ಣೆದುರಿಗೇ ಇತ್ತು. ಪಾರ್ಟ್ನರ್ ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಬ್ರೌಸರಿನಲ್ಲೇ ಡೇಟಾಬೇಸ್ ನೋಡುವ ಸಾಧನ) ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್, ಆಗಿ ಹೊಕ್ಕು ಖಣದ ಮಾಲು ಒಂದೊಂದೇ ಏರಿಸುತ್ತಲೇ ಇದ್ದ. ಅಂದರೆ ಡೇಟಾಬೇಸ್ ನೆಟ್ಟಗಿದೆ, ಆ್ಯಪ್, ಅಂದರೆ ಅಂಗಡಿಯ ಕೋಡು, ಬಳಸುವ ಯೂಸರ್‌ಗೆ ಮಾತ್ರ ಬಾಗಿಲು ಮುಚ್ಚಿದೆ.

ಆ ರಾತ್ರಿ ಅದೇ ಕಂಪೋಸ್ ಫೈಲ್ ದಿಟ್ಟಿಸೋದು ಬಿಟ್ಟು ‘ಡಾಕರ್ ಕಂಪೋಸ್ ಕಾನ್ಫಿಗ್’ ಹೊಡೆದೆ. ನಾನು ಬರೆದದ್ದನ್ನು ಡಾಕರ್ ಹೇಗೆ ತಿಳಕೊಂಡಿದೆ ಅಂತ ಪೂರ್ತಿ ಬಿಡಿಸಿ ತೋರಿಸುವ ಕಮಾಂಡ್ ಅದು. ಡೇಟಾಬೇಸಿಗೆ ನಾನಿಟ್ಟ ಪಾಸ್‌ವರ್ಡ್ ಊರಿನ ಹೆಸರು, ನಡುವೆ ಡಾಲರ್ ಚಿಹ್ನೆ, ಆಮೇಲೆ ಖಣ. ಪರದೆಯ ಮೇಲೆ ಊರಷ್ಟೇ ಇತ್ತು, ಖಣ ಮಾಯ! ಡಾಲರ್ ಮುಂದಿನದನ್ನು ವೇರಿಯಬಲ್ (ಬೇರೆಲ್ಲೋ ಬೆಲೆ ಕೊಟ್ಟಿರುವ ಹೆಸರು) ಅಂದುಕೊಂಡು, ಅದು ಸಿಗದೆ ಖಾಲಿ ಬಿಟ್ಟಿತ್ತು. ಎಬ್ಬಿಸುವಾಗೆಲ್ಲ ಹಾಗಂತ ಒಂದು ವಾರ್ನಿಂಗೂ ಕೊಡುತ್ತಿತ್ತು, ನಾನು ಓದಿರಲಿಲ್ಲ. ಆ್ಯಪಿನ ಫೈಲಿನಲ್ಲಿ ಮಾತ್ರ ಪಾಸ್‌ವರ್ಡ್ ಇಡಿಯಾಗಿತ್ತು. ಎರಡೂ ಕೂಡೋದು ಹೇಗೆ?

ಬರೀ ಚಿಹ್ನೆ ಅಂತ ಓದಲಿ ಅಂತ ಡಾಲರ್ ಎರಡು ಸಲ ಬರೆದೆ. ಆದರೂ ಡಿನೈಡ್! ಮೈಎಸ್‌ಕ್ಯೂಎಲ್ ಇಮೇಜು ಆ ಪಾಸ್‌ವರ್ಡ್ ನೋಡೋದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಏಳುವಾಗ ಮಾತ್ರ. ನಮ್ಮದು ಆಗಲೇ ಹಳೇ ಪಾಸ್‌ವರ್ಡಿನಲ್ಲಿ ಎದ್ದಾಗಿತ್ತು. ಸಿಟ್ಟಿನಲ್ಲಿ ಎಲ್ಲಾ ಕಂಟೇನರನ್ನೂ ವಾಲ್ಯೂಮ್ (ಡೇಟಾ ಉಳಿಯುವ ಜಾಗ) ಸಮೇತ ಅಳಿಸಿ ಮತ್ತೆ ಎಬ್ಬಿಸಿದೆ. ಸೈಟ್ ಎದ್ದಿತು, ಅವನು ಏರಿಸಿದ್ದ ಇನ್ನೂರು ಚಿಲ್ಲರೆ ಖಣ ಹೋದವು. ಗಿರ್ಮಿಟ್, ಮಿರ್ಚಿ ಭಜಿ ತಂದಿಟ್ಟರೂ ಸಂಜೆತನಕ ಅವನು ಮಾತಾಡಲಿಲ್ಲ. ರೂಟ್ ಆಗಿ ಹೊಕ್ಕು ‘ಆಲ್ಟರ್ ಯೂಸರ್’ ಕಮಾಂಡಿನಿಂದ ಪಾಸ್‌ವರ್ಡ್ ಬದಲಿಸಿದ್ದರೆ ಅರ್ಧ ನಿಮಿಷದ ಕೆಲಸ.

ಅಂದಿನಿಂದ ಸೈಟ್ ಸರಿ ಓಡಿದ ದಿನದ ಕಾನ್ಫಿಗ್ ಔಟ್‌ಪುಟ್ ತೆಗೆದಿಡುತ್ತೇನೆ. ಕೆಟ್ಟರೆ ಹೊಸದು ತೆಗೆದು ಡಿಫ್, ಅಂದರೆ ಎರಡರಲ್ಲಿ ಎಲ್ಲಿ ವ್ಯತ್ಯಾಸ ಅಂತ ಹೋಲಿಕೆ. ಒಮ್ಮೆ ಎಂಜಿನ್‌ಎಕ್ಸ್ ಸೆಟ್ಟಿಂಗ್ ಫೈಲಿನ ದಾರಿಯಲ್ಲಿ (ಪಾಥ್) ಒಂದಕ್ಷರ ತಪ್ಪಿದಾಗ ಡಾಕರ್ ಆ ಹೆಸರಿನ ಖಾಲಿ ಫೋಲ್ಡರನ್ನೇ ಹುಟ್ಟಿಸಿ ಕೂತಿತ್ತು. ಔಟ್‌ಪುಟ್ ಪೂರಾ ದಾರಿ ತೋರಿಸಿದ್ದರಿಂದ ತಟ್ಟನೆ ಸಿಕ್ಕಿತು. ಯಾವ ಸಾಲು ಬಿಟ್ಟು ಯಾವುದನ್ನು ಹೋಲಿಸಬೇಕು ಅನ್ನುವ ನನ್ನ ಸ್ಕ್ರಿಪ್ಟ್ ಇಲ್ಲಿ ಹಾಕೋದಿಲ್ಲ, ಅದು ಹೊಟ್ಟಿಪಾಡು.

ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟಿನಲ್ಲಿ (ಕಮಾಂಡುಗಳ ಫೈಲು) ಪ್ರತಿ ಸಾಲಿನ ತುದಿಗೆ ಸೇರುವ ಅಡಗಿದ ಅಕ್ಷರ ಮಾತ್ರ ಈ ಡಿಫ್‌ಗೆ ಕಾಣೋದಿಲ್ಲ. ಫೈಲ್ ಎದುರಿಗೇ ಇದ್ದರೂ ‘ಅಂಥ ಫೈಲೇ ಇಲ್ಲ’ ಅಂದರೆ ಫೈಲ್ ತೋರಿಸುವ ‘ಕ್ಯಾಟ್’ ಕಮಾಂಡಿಗೆ ದೊಡ್ಡ ‘ಎ’ ಹಚ್ಚಿ (cat -A) ನೋಡಿ, ಅಡಗಿದ್ದೂ ಕಾಣುತ್ತದೆ. ಇದೆಲ್ಲದರ ನಡುವೆ ಕೋಡನ್ನು ಸಿ ಡ್ರೈವಿನಿಂದ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಒಳಗಿನ ಹೋಮ್ ಫೋಲ್ಡರಿಗೂ ಸರಿಸಿ ನೋಡಿದೆ: ಎಂಟೊಂಬತ್ತು ಸೆಕೆಂಡ್ ತಿನ್ನುತ್ತಿದ್ದ ಪೇಜು ಒಂದು ಸೆಕೆಂಡಿಗೆ ಬಂತು. ರ‍್ಯಾಮಿನ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಮೊನ್ನೆ ವಿಜಯಪುರದ ದೋಸ್ತನ ಸೆಟಪ್ ಹತ್ತು ನಿಮಿಷದಲ್ಲಿ ಎಬ್ಬಿಸಿ 1,500 ಇಸಕೊಂಡೆ. ಪಾರ್ಟ್ನರ್ ಅದರಲ್ಲಿ ಅರ್ಧ ಕೇಳಿದ. ‘ಇನ್ನೂರು ಖಣದ್ದು ಹಳೇ ಬಾಕಿ ಐತಲ್ಲ’ ಅಂದ. ಕೊಟ್ಟೆ.