ಎಸ್‌ಎಸ್‌ಡಿ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ: ಬಿಸಾಡುವ ಮುನ್ನ ಹೀಗೆ ಪರೀಕ್ಷಿಸಿ

ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ನೋ ಬೂಟೆಬಲ್ ಡಿವೈಸ್’. ಆಫ್ ಮಾಡಿ ಮತ್ತೆ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ವಿಂಡೋಸ್ ತೆರೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ಮತ್ತದೇ ರಾಗ. ಎಸ್‌ಎಸ್‌ಡಿ, ಅಂದರೆ ವಿಂಡೋಸ್ ಮತ್ತು ಕಡತಗಳು ಕೂರುವ ಡ್ರೈವ್, ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯಲು ಅವಸರ ಬೇಡ. ಪೂರ್ತಿ ಸತ್ತ ಎಸ್‌ಎಸ್‌ಡಿ ಹೀಗೆ ಕಣ್ಣಾಮುಚ್ಚಾಲೆ ಆಡುವುದಿಲ್ಲ. ಬಂದು ಹೋಗುವ ದೋಷಕ್ಕೆ ಸಾಮಾನ್ಯ ಕಾರಣ ಡ್ರೈವ್ ಸಿಕ್ಕಿಸುವ ಸ್ಲಾಟಿನ ಸಂಪರ್ಕ, ವಿದ್ಯುತ್ ಉಳಿತಾಯದ ಸೆಟ್ಟಿಂಗ್, ಬಿಸಿ ಅಥವಾ ಡ್ರೈವನ್ನು ನಡೆಸುವ ಚಿಪ್ಪು, ಅಂದರೆ ಕಂಟ್ರೋಲರ್. ಕಾರವಾರ, ಅಂಕೋಲಾ, ಹೊನ್ನಾವರದಂಥ ಕಡಲಂಚಿನ ಊರುಗಳಲ್ಲಿ ಮೊದಲ ಅನುಮಾನ ಸಂಪರ್ಕದ ಮೇಲೇ ಇರಲಿ.

ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ನೀರು ಹೀರಿ ತಾನೇ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ಲ್ಯಾಪ್‌ಟಾಪಿನ ಫ್ಯಾನು ಎಳೆದುಕೊಳ್ಳುವ ದೂಳಿನ ಜೊತೆ ಕಡಲ ಗಾಳಿಯ ಅದೇ ಉಪ್ಪು ಒಳಗೆ ಸೇರಿ ಪಸೆಯಾಗುತ್ತದೆ. ಎಸ್‌ಎಸ್‌ಡಿಯ ತುದಿಯಲ್ಲಿ ಹೊಳೆಯುವ ಚಿನ್ನದ ಲೇಪಕ್ಕೆ ತುಕ್ಕು ಬರದು, ನಿಜ. ಆದರೆ ಆ ಲೇಪ ಬಲು ತೆಳು, ಅದರ ಸೂಕ್ಷ್ಮ ರಂಧ್ರಗಳಡಿ ನಿಕ್ಕಲ್ ಮತ್ತು ತಾಮ್ರ ಇವೆ. ಕಿಲುಬು ಶುರುವಾಗುವುದು ಅಲ್ಲಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಗಾಳಿಯಲ್ಲಿ ಇಷ್ಟು ಉಪ್ಪಿಲ್ಲ, ಆದರೆ ಚಪ್ಪಲಿಗೂ ಬೂಷ್ಟು ಹಿಡಿಸುವ ಥಂಡಿ ಇದೆ.

ಮೊದಲು ಕಡತ, ಆಮೇಲೆ ರಿಪೇರಿ

ಡ್ರೈವ್ ಕಾಣಿಸಿಕೊಂಡ ಗಳಿಗೆಯಲ್ಲೇ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಫೋಟೊ, ದಾಖಲೆ, ಲೆಕ್ಕದ ಫೈಲು ಮೊದಲು; ಸಿನಿಮಾ ಕೊನೆಗೆ. ‘ಇನಿಶಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಮಾಡಲೇ ಎಂದು ವಿಂಡೋಸ್ ಕೇಳಿದರೆ ಒಪ್ಪಬೇಡಿ. ಡ್ರೈವಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಮುಟ್ಟಿದ ಮೇಲೆ ಆ ಕೀ ಕೇಳುವ ಸಂಭವ ಹೆಚ್ಚು.

ಯಾವಾಗ ಮಾಯವಾಗುತ್ತದೆ?

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಒಂದೆರಡು ದಿನ ಚೀಟಿಯಲ್ಲಿ ಗುರುತು ಹಾಕಿ. ಪ್ರತಿ ಸಲ ಬಯೋಸ್‌ಗೆ ಹೋಗಿ (ಎಫ್2, ಎಫ್10 ಅಥವಾ ಡಿಲೀಟ್ ಕೀಲಿ, ಕಂಪನಿಗೆ ತಕ್ಕಂತೆ) ಡ್ರೈವಿನ ಹೆಸರು ಇದೆಯೇ ನೋಡಿ. ಬಯೋಸ್‌ನಲ್ಲಿ ಪ್ರತಿ ಸಲವೂ ಕಂಡು ವಿಂಡೋಸ್ ಮಾತ್ರ ತಡವರಿಸಿದರೆ ಸಮಸ್ಯೆ ತಂತ್ರಾಂಶದ್ದು ಇರಬಹುದು.

ನಿದ್ರೆಯಿಂದ ಎದ್ದಾಗ ಮಾತ್ರ ಮಾಯವಾದರೆ ವಿದ್ಯುತ್ ಉಳಿತಾಯವನ್ನು ಶಂಕಿಸಿ. ದೊಡ್ಡ ಫೈಲು ನಕಲಿಸುವಾಗ ಹತ್ತಿಪ್ಪತ್ತು ನಿಮಿಷಕ್ಕೆ ಕೈಕೊಟ್ಟರೆ ಬಿಸಿ. ಅಂಗೈ ಊರುವ ಜಾಗವನ್ನು ಒತ್ತಿದರೆ ಬಂದು, ಎತ್ತಿದರೆ ಹೋದರೆ ಸ್ಲಾಟು, ಸ್ಕ್ರೂ ಅಥವಾ ಕೇಬಲ್. ತಣ್ಣಗಿರುವಾಗ ಕಾಣದೆ, ರೀಸ್ಟಾರ್ಟ್ ಮಾಡಿದಾಗ ಕಂಡರೆ ಸಂಪರ್ಕವನ್ನೂ ಕಂಟ್ರೋಲರನ್ನೂ ಎರಡನ್ನೂ ಶಂಕಿಸಬೇಕು. ನಡೆದದ್ದನ್ನೆಲ್ಲ ದಾಖಲಿಸುವ ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ‘ಸಿಸ್ಟಂ’ ವಿಭಾಗ ತೆರೆದರೆ, ಡ್ರೈವ್ ಉತ್ತರಿಸದೆ ರೀಸೆಟ್ ಆದಾಗಿನ ಗುರುತು 129, ಇದ್ದಕ್ಕಿದ್ದಂತೆ ಕಳಚಿಕೊಂಡಾಗಿನದು 157.

ಬಿಚ್ಚಿ ಒರೆಸುವುದು

ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿದರೆ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ಬರೀ ಶಟ್‌ಡೌನ್ ಮಾಡಿದರೆ, ಬೇಗ ತೆರೆಯಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಅದನ್ನು ಅರ್ಧ ಎಚ್ಚರವಾಗಿಯೇ ಉಳಿಸಿರುತ್ತದೆ. ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳದ ಸ್ಕ್ರೂಗಳು ಒಂದೇ ಉದ್ದದವಲ್ಲ, ಬಿಚ್ಚಿದ ಜಾಗದ ಕ್ರಮದಲ್ಲೇ ಕಾಗದದ ಮೇಲೆ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಬಿಗಿದು ಕೀಬೋರ್ಡನ್ನೇ ತೂತು ಮಾಡಿದವರಿದ್ದಾರೆ. ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನನ್ನು 20 ಸೆಕೆಂಡ್ ಒತ್ತಿಹಿಡಿಯಿರಿ. ಮೈಯ ಸ್ಟ್ಯಾಟಿಕ್ ಇಳಿಯಲು ನೆಲಕ್ಕೆ ತಾಗಿದ ದೊಡ್ಡ ಲೋಹವನ್ನು ಮುಟ್ಟಿ.

ಪಟ್ಟಿಯಂತೆ ತೆಳ್ಳಗಿರುವ ಎಂ.2 ಡ್ರೈವಿನ ಮೇಲೆ 2280 ಎಂದಿದ್ದರೆ ಅದು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ತುದಿಯ ಪುಟ್ಟ ಸ್ಕ್ರೂ ತೆಗೆದರೆ ಡ್ರೈವ್ ತಾನೇ ಸುಮಾರು 30 ಡಿಗ್ರಿ ಮೇಲೇಳುತ್ತದೆ, ಆಗ ನೇರ ಎಳೆಯಿರಿ. ಆ ಸ್ಕ್ರೂ ಕಳೆದುಹೋಗಿ ಟೇಪು ಅಂಟಿಸಿದ ಲ್ಯಾಪ್‌ಟಾಪ್‌ಗಳೂ ಇರುತ್ತವೆ. ದೋಷ ಅಲ್ಲೇ ಮುಗಿಯಬಹುದು.

ಒರೆಸಲು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ, ಜುಂಗಿಲ್ಲದ ಬಟ್ಟೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಹಳೆ ಪದ್ಧತಿಯಿದೆ. ಅದು ಚಿನ್ನದ ಲೇಪವನ್ನೂ ಉಜ್ಜಿಬಿಡುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಸ್ಲಾಟಿಗೆ ಬಟ್ಟೆ ತುರುಕದೆ ಗಾಳಿಯ ಬ್ಲೋವರ್ ಬಳಸಿ. ಹತ್ತು ನಿಮಿಷ ಆರಿದ ಮೇಲೆ ಡ್ರೈವನ್ನು ಓರೆಯಾಗಿಯೇ ಪೂರ್ತಿ ಒಳಗೆ ತಳ್ಳಿ, ಮಲಗಿಸಿ, ಸ್ಕ್ರೂ ಹಾಕಿ. ಥರ್ಮಲ್ ಪ್ಯಾಡ್ ದಪ್ಪವಾಗಿ ಡ್ರೈವ್ ಬಿಲ್ಲಿನಂತೆ ಬಾಗಿದ್ದರೆ ತೆಳುವಾದದ್ದು ಹಾಕಿ.

ಚಪ್ಪಟೆ ಪೆಟ್ಟಿಗೆಯಂತಿರುವ 2.5 ಇಂಚಿನ ಸಾಟಾ ಡ್ರೈವಿನಲ್ಲಿ ಮೊದಲ ಅಪರಾಧಿ ತೆಳು ರಿಬ್ಬನ್ ಕೇಬಲ್. ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು ಸಿ7 ಸಾಲಿನ ಸಿಆರ್‌ಸಿ ದೋಷಗಳ (ಮಾಹಿತಿ ಸಾಗುವಾಗಿನ ತಪ್ಪುಗಳ) ಸಂಖ್ಯೆ ನೋಡಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಕೇಬಲ್ ಬದಲಿಸಿ, ಡ್ರೈವನ್ನಲ್ಲ. ಸಾಟಾಗಿಂತ ವೇಗದ ಎನ್‌ವಿಎಂಇ ಡ್ರೈವಿನಲ್ಲಿ ‘ಮೀಡಿಯಾ ಎರರ್’ ಏರುವುದು, ‘ಅವೈಲಬಲ್ ಸ್ಪೇರ್’ ಇಳಿಯುವುದು ಕೆಟ್ಟ ಲಕ್ಷಣ. ‘ಅನ್‌ಸೇಫ್ ಶಟ್‌ಡೌನ್’ ದೊಡ್ಡ ಸಂಖ್ಯೆಯಲ್ಲಿದ್ದರೂ ಗಾಬರಿ ಬೇಡ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಕರೆಂಟ್ ಹೋದಷ್ಟೂ ಸಲ ಅದು ಏರುತ್ತದೆ.

ಸೆಟ್ಟಿಂಗ್‌ಗಳು

ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ‘ಪಿಸಿಐ ಎಕ್ಸ್‌ಪ್ರೆಸ್’ ಅಡಿಯ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಆಫ್ ಮಾಡಿ ಒಂದು ವಾರ ನೋಡಿ. ಕೆಲವು ಹೊಸ ಮಾದರಿಗಳಲ್ಲಿ ಈ ಸಾಲು ಇರುವುದಿಲ್ಲ. ಬಯೋಸ್ ಮತ್ತು ಡ್ರೈವಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಎರಡನ್ನೂ ತಯಾರಕರ ತಾಣದಿಂದಲೇ ನವೀಕರಿಸಿ, ಚಾರ್ಜರ್ ಸಿಕ್ಕಿಸಿಕೊಂಡು, ಮಿಂಚು ಗುಡುಗು ಇಲ್ಲದ ದಿನ. ಡ್ರೈವಿನೊಡನೆ ಮಾತಾಡುವ ರೀತಿ ನಿರ್ಧರಿಸುವ ಬಯೋಸ್‌ನ ವಿಎಂಡಿ ಅಥವಾ ಎಎಚ್‌ಸಿಐ ಆಯ್ಕೆಯನ್ನು ಕುತೂಹಲಕ್ಕೆ ಬದಲಿಸಬೇಡಿ, ಇದ್ದ ವಿಂಡೋಸೂ ತೆರೆಯದೆ ಹೋಗುತ್ತದೆ.

ಕೊನೆಯ ತೀರ್ಮಾನ

ಡ್ರೈವನ್ನು ಯುಎಸ್‌ಬಿ ಎನ್‌ಕ್ಲೋಷರಿಗೆ (ಡ್ರೈವ್ ಕೂರಿಸುವ ಹೊರ ಪೆಟ್ಟಿಗೆ) ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿ. ಎನ್‌ವಿಎಂಇ ಮತ್ತು ಸಾಟಾ ಎನ್‌ಕ್ಲೋಷರ್ ಬೇರೆ ಬೇರೆ, ಕೊಳ್ಳುವಾಗ ಕೇಳಿ. ಒಂದು ತಾಸು ಎಡೆಬಿಡದೆ ಫೈಲು ನಕಲಿಸಿದರೂ ಕಳಚದಿದ್ದರೆ ಸಂಶಯ ಲ್ಯಾಪ್‌ಟಾಪಿನ ಸ್ಲಾಟಿನ ಕಡೆ ತಿರುಗುತ್ತದೆ. ಅಲ್ಲಿಯೂ ಮಾಯವಾದರೆ ಬಹುತೇಕ ಡ್ರೈವಿನದ್ದೇ ತಪ್ಪು. ವಾರಂಟಿ ಬಹುತೇಕ 3 ಅಥವಾ 5 ವರ್ಷ ಇರುವುದರಿಂದ ಬಿಲ್ ಹುಡುಕಿ. ಮೇಲಿನ ಸ್ಟಿಕ್ಕರ್ ಕೀಳಬೇಡಿ. ಬದಲಿ ಡ್ರೈವ್ ಖಾಲಿಯಾಗಿ ಬರುತ್ತದೆ, ಹಳೆಯದರಲ್ಲಿದ್ದದ್ದು ಬರುವುದಿಲ್ಲ.

ಇನ್ನೊಂದು ಮಾತು, ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ಬರುವವರಿಗೆ. ಬೆಳಿಗ್ಗೆ ಕುಮಟಾದಲ್ಲೋ ಕಾರವಾರದಲ್ಲೋ ಇಳಿದೊಡನೆ ತಣ್ಣನೆಯ ಲ್ಯಾಪ್‌ಟಾಪ್ ತೆರೆದರೆ ಹೊರಗಿನ ಗಾಳಿಯ ತೇವ ಒಳಗಿನ ಲೋಹದ ಮೇಲೆ ಹನಿಗಟ್ಟುತ್ತದೆ. ಬ್ಯಾಗಿನೊಳಗೇ ಒಂದು ತಾಸು ಬಿಟ್ಟು, ಆಮೇಲೆ ಆನ್ ಮಾಡಿ.